ತೊಲೆ ಲಡ್ಡಾದರೆ ಮೊದಲು ಏನು ನೋಡಬೇಕು? ಹಂಚಿನ ಮನೆಯ ಮರಕ್ಕೊಂದು ದೋಷ ನಿವಾರಣೆ ಕೈಪಿಡಿ

ಹೋದ ವರ್ಷ ಪುಷ್ಯ ಮಳೆಯ ಹೊತ್ತಿಗೆ ಸಾಗರದ ಹತ್ತಿರದ ನಮ್ಮ ಹಳೆ ಮನೆಯಿಂದ ಚಿಕ್ಕಪ್ಪ ಫೋನ್ ಮಾಡಿದರು. "ಜಗಲಿ ತೊಲೆಗೆ ಒರಲೆ ಹಿಡಿದಿದೆ ಮಾರಾಯ. ಎರಡು ಸಲ ಔಷಧಿ ಹೊಡೆಸಿದ್ದಾಯ್ತು. ಕಮ್ಮಿ ಆಗ್ತಾ ಇಲ್ಲ."

ಊರಿಗೆ ಹೋದೆ. ಏಣಿ ಹತ್ತಿ ತೊಲೆಯ ತುದಿಗೆ ಸ್ಕ್ರೂಡ್ರೈವರ್ ಒತ್ತಿದೆ. ಎರಡು ಇಂಚು ಸಲೀಸಾಗಿ ಒಳಗೆ ಇಳಿಯಿತು, ಬಾಳೆಹಣ್ಣಿಗೆ ಚುಚ್ಚಿದ ಹಾಗೆ. ಮಣ್ಣಿನ ದಾರಿ ಎಲ್ಲೂ ಇರಲಿಲ್ಲ. ಒಂದೇ ಒಂದು ಒರಲೆಯೂ ಇರಲಿಲ್ಲ. ಇಲ್ಲದ ಹುಳಕ್ಕೆ ಎರಡು ಸಲ ಔಷಧಿ ಬಿದ್ದಿತ್ತು. ಮರವನ್ನು ತಿಂದದ್ದು ಶಿಲೀಂಧ್ರ, ಅಂದರೆ ಅಣಬೆಯ ಜಾತಿಯದ್ದು. ಅದಕ್ಕೆ ಊಟ ಬಡಿಸಿದ್ದು ಎಲ್ಲಿಂದಲೋ ಬರುತ್ತಿದ್ದ ನೀರು. ಆ ನೀರಿನ ದಾರಿ ಹುಡುಕಲು ನಮಗೆ ಎರಡು ದಿನ ಬೇಕಾಯಿತು. ಆ ಎರಡು ದಿನದ ಪಾಠ, ಆಮೇಲೆ ನಾಲ್ಕಾರು ನೆಂಟರ ಮನೆಯ ಮಾಡು ನೋಡಿದಾಗ ತಿಳಿದದ್ದು, ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ.

ಕೊಳೆಯಾ, ಬೂಷ್ಟಾ, ಹುಳವಾ?

ಮರ ಹಾಳಾಗಿದೆ ಎಂದ ಕೂಡಲೇ ನಮ್ಮ ಕಡೆ ಬಾಯಿಗೆ ಬರುವ ಮಾತು ಒರಲೆ, ಇಲ್ಲದಿದ್ದರೆ ಕುಟ್ಟೆ. ಇವೆರಡೂ ಹುಳದ ಕೆಲಸ. ಕೊಳೆ ಬೇರೆ. ಮೂರಕ್ಕೂ ಮದ್ದು ಬೇರೆ ಬೇರೆ. ಹಾಗಾಗಿ ಮೊದಲ ಅರ್ಧ ಗಂಟೆ ಇದಕ್ಕೇ ಕೊಡಿ.

ಸಾಮಾನ್ಯವಾಗಿ ಕಾಣುವ ಒರಲೆ ಮಣ್ಣು ಬಿಟ್ಟು ಬರುವುದಿಲ್ಲ. ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಕೊಳವೆ ಕಾಣುತ್ತದೆ. ಮರ ಒಡೆದರೆ ಒಳಗೆ ಪದರ ಪದರವಾಗಿ ಖಾಲಿ, ನಡುನಡುವೆ ಒದ್ದೆ ಮಣ್ಣು. ಕುಟ್ಟೆ ಹುಳ ಹಿಡಿದಿದ್ದರೆ ಗುಂಡುಸೂಜಿ ತಲೆಯಷ್ಟು ದುಂಡನೆಯ ತೂತುಗಳು ಇರುತ್ತವೆ. ಕೆಳಗೆ ನೆಲದ ಮೇಲೆ ಮೈದಾ ಹಿಟ್ಟಿನಂಥ ಪುಡಿ ಬಿದ್ದಿರುತ್ತದೆ. ಗುಡಿಸಿದರೆ ನಾಳೆ ಮತ್ತೆ ಬಿದ್ದಿರುತ್ತದೆ.

ಬೂಷ್ಟು ಮರದ ಮೈ ಮೇಲೆ ಮಾತ್ರ ಇರುತ್ತದೆ. ಕಪ್ಪು, ಹಸಿರು, ಬಿಳಿ ಚುಕ್ಕೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೆಚ್ಚುಪಾಲು ಹೋಗುತ್ತದೆ. ಕೆಳಗಿನ ಮರ ಗಟ್ಟಿ ಇರುತ್ತದೆ. ಬೂಷ್ಟು ಮರದ ಮೇಲಿನ ಸಕ್ಕರೆ, ಪಿಷ್ಟ, ಧೂಳು ತಿಂದು ಬದುಕುತ್ತದೆ. ಮರದ ಬಲಕ್ಕೆ ಅದು ಕೈ ಹಾಕುವುದಿಲ್ಲ. ಮಾವು, ಬೂರುಗ, ರಬ್ಬರ್ ಹಲಗೆಗಳಲ್ಲಿ ನೀಲಿ ಕಪ್ಪು ಗೆರೆ ಕಂಡು ಹೆದರಬೇಡಿ. ಅದು ಕಲೆ ಹಾಕುವ ಶಿಲೀಂಧ್ರ. ಚಂದ ಹಾಳು ಮಾಡುತ್ತದೆ, ಮಾಡು ಬೀಳಿಸುವುದಿಲ್ಲ. ಆದರೆ ಬೂಷ್ಟು ಒಂದು ಸುದ್ದಿ ಹೇಳುತ್ತದೆ: ಇಲ್ಲಿ ತೇವ ಜಾಸ್ತಿ ಇದೆ ಅಂತ.

ಕೊಳೆ ಹಾಗಲ್ಲ. ಅದು ಮರದ ನಾರನ್ನೇ ತಿನ್ನುತ್ತದೆ. ಮೂರು ರೂಪದಲ್ಲಿ ಕಾಣುತ್ತದೆ.

ಕಂದು ಕೊಳೆಯಲ್ಲಿ ಮರ ಕಾಫಿ ಬಣ್ಣಕ್ಕೆ ತಿರುಗಿ, ಉದ್ದಕ್ಕೂ ಅಡ್ಡಕ್ಕೂ ಬಿರಿದು ಚೌಕ ಚೌಕ ತುಂಡಾಗುತ್ತದೆ. ಸುಟ್ಟ ಕೊಳ್ಳಿಯ ಮೈ ನೆನಪಿಸಿಕೊಳ್ಳಿ, ಹೆಚ್ಚೂಕಡಿಮೆ ಹಾಗೇ. ಬೆರಳಲ್ಲಿ ಉಜ್ಜಿದರೆ ಪುಡಿ. ಇದು ಮೋಸಗಾರ. ಮರದ ತೂಕ ಹತ್ತರಲ್ಲಿ ಒಂದು ಪಾಲು ಇಳಿಯುವಷ್ಟರಲ್ಲಿ ಅದರ ಬಾಗುವ ಬಲ ಅರ್ಧಕ್ಕಿಂತ ಜಾಸ್ತಿ ಹೋಗಿರುತ್ತದೆ. ಹೊರಗೆ ನೋಡಿದರೆ ಇನ್ನೂ ಮರದ ಹಾಗೇ ಇರುತ್ತದೆ. ಈಗ ಬಾಗಿಲ ಚೌಕಟ್ಟಿಗೆ, ಮಂಚಕ್ಕೆ ಬಳಸುವ ಪೈನ್ ಮರಕ್ಕೆ ಇದು ಬರುವುದು ಜಾಸ್ತಿ.

ಬಿಳಿ ಕೊಳೆಯಲ್ಲಿ ಮರ ಬಿಳಚಿಕೊಂಡು ನಾರು ನಾರಾಗುತ್ತದೆ. ಹಿಂಡಿದರೆ ಸ್ಪಂಜಿನ ಹಾಗೆ. ಕೆಲವು ಸಲ ನಡುನಡುವೆ ಕಪ್ಪು ಗೆರೆ. ನಮ್ಮ ಕಡೆಯ ಅಗಲ ಎಲೆಯ ಮರಗಳಲ್ಲಿ ಇದೇ ಹೆಚ್ಚು. ಮಳೆಗಾಲದಲ್ಲಿ ಸೌದೆ ರಾಶಿಯ ಮಾವಿನ ಕುಂಟೆಯ ಮೇಲೆ ಬಿಳಿ ಬಿಳಿ ಪುಟ್ಟ ಬೀಸಣಿಗೆಯಂಥ ಅಣಬೆ ಏಳುತ್ತದಲ್ಲ, ಅದು ಈ ಪೈಕಿಯದ್ದು. ಚಿಕ್ಕಪ್ಪನ ಮನೆಯ ತೊಲೆ ಮತ್ತಿ ಮರದ್ದು. ಅದಕ್ಕೆ ಬಂದದ್ದೂ ಬಿಳಿ ಕೊಳೆಯೇ.

ಮೂರನೆಯದು ಮೆತ್ತನೆ ಕೊಳೆ. ಯಾವಾಗಲೂ ನೀರು ಕುಡಿಯುವ ಮರದ ಮೈ ಮಾತ್ರ ಕಪ್ಪಾಗಿ ಮೆತ್ತಗಾಗುತ್ತದೆ. ಬಚ್ಚಲು ಬಾಗಿಲ ಬುಡ, ಬೇಲಿ ಗೂಟದ ಬುಡ. ನಿಧಾನದ್ದು.

ಕಣ್ಣಿಗೆ ಏನೂ ಕಾಣದಿದ್ದಾಗ ಮಾಡುವ ಪರೀಕ್ಷೆ ಒಂದಿದೆ. ಆಚಾರಿಗಳು ಹೇಳಿಕೊಡದೆಯೇ ಮಾಡುತ್ತಾರೆ. ಉಳಿಯ ಮೊನೆಯನ್ನು ನಾರಿಗೆ ಅಡ್ಡವಾಗಿ ಚುಚ್ಚಿ ಒಂದು ಚಕ್ಕೆ ಎಬ್ಬಿಸಿ. ಗಟ್ಟಿ ಮರವಾದರೆ ಚಕ್ಕೆ ಉದ್ದಕ್ಕೆ ಸಿಗಿಯುತ್ತಾ ಬರುತ್ತದೆ, ಚರಚರ ಸದ್ದು. ಕೊಳೆ ಹೊಕ್ಕ ಮರವಾದರೆ ಚಕ್ಕೆ ಉಳಿಯ ಹತ್ತಿರವೇ ಪಟ್ಟನೆ ಗಿಡ್ಡಕ್ಕೆ ಮುರಿಯುತ್ತದೆ. ಸುತ್ತಿಗೆಯಲ್ಲಿ ತಟ್ಟಿದರೂ ಗೊತ್ತಾಗುತ್ತದೆ. ಒಳ್ಳೆ ತೊಲೆ ಠಣ್ ಎನ್ನುತ್ತದೆ, ಲಡ್ಡಾದದ್ದು ದೊಪ್ ಎನ್ನುತ್ತದೆ. ಕಿವಿ ಪಳಗಬೇಕಾದರೆ ಮೊದಲು ಒಳ್ಳೆ ಜಾಗಕ್ಕೆ ನಾಲ್ಕು ಪೆಟ್ಟು ಹಾಕಿ ಕೇಳಿಸಿಕೊಳ್ಳಿ.

ಗಾಳಿಯನ್ನು ಬೈದು ಪ್ರಯೋಜನವಿಲ್ಲ

"ಇದು ಎಲ್ಲಿಂದ ಬಂತು?" ಅಂತ ಎಲ್ಲರೂ ಕೇಳುತ್ತಾರೆ. ಗಾಳಿಯಿಂದ ಬಂತು. ಶಿಲೀಂಧ್ರದ ಬೀಜಾಣು ಬಹಳ ಸಣ್ಣದು. ಹೆಚ್ಚಿನವು ಮಿಲಿಮೀಟರಿನ ಸಾವಿರದಲ್ಲಿ ಐದರಿಂದ ಹತ್ತು ಪಾಲು. ನಮ್ಮ ತಲೆಕೂದಲು ಇದಕ್ಕಿಂತ ಏಳೆಂಟು ಪಟ್ಟು ದಪ್ಪ. ನೀವು ಈಗ ಎಳೆದುಕೊಂಡ ಉಸಿರಿನಲ್ಲೂ ಅವು ಇವೆ. ಮನೆಯೊಳಗಿನ ಒಂದು ಘನ ಮೀಟರ್ ಗಾಳಿಯಲ್ಲಿ ನೂರಾರು ಇರುವುದು ಮಾಮೂಲು. ಮಳೆಗಾಲದ ಕಾಡಂಚಿನಲ್ಲಿ ಇನ್ನೂ ಜಾಸ್ತಿ.

ಅಡಿಕೆ ತೋಟದವರು ಕೇಳುವ ಪ್ರಶ್ನೆ ಇನ್ನೊಂದು. ತೋಟದಲ್ಲಿ ಅಣಬೆ ರೋಗದ ಮರ ಇದೆ, ಅದರಿಂದಲೇ ಮನೆ ತೊಲೆಗೆ ಹಿಡಿಯಿತಾ? ಅಡಿಕೆಯ ಅಣಬೆ ರೋಗಕ್ಕೆ ಕಾರಣ ಗ್ಯಾನೋಡರ್ಮಾ ಎಂಬ ಶಿಲೀಂಧ್ರ. ಮರದ ಬುಡದಲ್ಲಿ ಕಂದು ಬಣ್ಣದ, ಮೆರುಗೆಣ್ಣೆ ಬಳಿದ ಹಾಗಿರುವ ಅಣಬೆ. ಈ ಜಾತಿಯ ದೊಡ್ಡ ಅಣಬೆಯೊಂದು ಒಂದೇ ದಿನದಲ್ಲಿ ನೂರಾರು ಕೋಟಿ ಬೀಜಾಣು ಗಾಳಿಗೆ ಬಿಡಬಲ್ಲದು. ಸುತ್ತಲಿನ ಎಲೆಗಳ ಮೇಲೆ ಕೋಕೋ ಪುಡಿ ಉದುರಿದ ಹಾಗೆ ಕಾಣುವುದು ಅದೇ. ಅದು ನಿಮ್ಮ ತೊಲೆಯ ಮೇಲೂ ಬಿದ್ದಿರುತ್ತದೆ. ನಮ್ಮ ಅಜ್ಜನ ಕಾಲದಲ್ಲೂ ಬೀಳುತ್ತಿತ್ತು. ಒಣ ತೊಲೆಯ ಮೇಲೆ ಬಿದ್ದದ್ದು ಧೂಳಾಗಿ ಉಳಿಯುತ್ತದೆ. ಒದ್ದೆ ತೊಲೆಯ ಮೇಲೆ ಬಿದ್ದದ್ದು ಮೊಳಕೆ ಒಡೆಯುತ್ತದೆ. ವ್ಯತ್ಯಾಸ ಇಷ್ಟೇ.

ಅದಕ್ಕೇ ಮನೆಯ ಗಾಳಿ ಪರೀಕ್ಷೆ ಮಾಡಿಸಿ ಮರದ ಭವಿಷ್ಯ ತಿಳಿಯುತ್ತೇನೆ ಎನ್ನುವುದು ನನಗೆ ಹಿಡಿಸುವುದಿಲ್ಲ. ಗಾಜಿನ ತಟ್ಟೆಯಲ್ಲಿ ಪೋಷಕ ಅಂಟು ಹಾಕಿ ಸ್ವಲ್ಪ ಹೊತ್ತು ತೆರೆದಿಟ್ಟರೆ ಮೂರ್ನಾಲ್ಕು ದಿನದಲ್ಲಿ ಬಣ್ಣಬಣ್ಣದ ಚುಕ್ಕೆ ಏಳುತ್ತದೆ. ಅದರಲ್ಲಿ ಹೆಚ್ಚಿನದು ಕ್ಲಾಡೋಸ್ಪೋರಿಯಂ, ಆಸ್ಪರ್ಜಿಲ್ಲಸ್, ಪೆನಿಸಿಲಿಯಂ. ಎಲ್ಲ ಬೂಷ್ಟಿನ ಪೈಕಿ, ಬೇಗ ಬೆಳೆಯುವಂಥವು. ಮರ ಕೊಳೆಸುವ ಅಣಬೆ ಜಾತಿ ನಿಧಾನ. ತಟ್ಟೆಯಲ್ಲಿ ಬೂಷ್ಟು ಜಾಗ ಹಿಡಿದ ಮೇಲೆ ಅದಕ್ಕೆ ಜಾಗವೇ ಉಳಿದಿರುವುದಿಲ್ಲ. ಬೆಳಿಗ್ಗೆಯ ಲೆಕ್ಕಕ್ಕೂ ರಾತ್ರಿಯ ಲೆಕ್ಕಕ್ಕೂ ತಾಳೆ ಆಗುವುದಿಲ್ಲ. ಮನೆಯಲ್ಲಿ ಯಾರಿಗಾದರೂ ದಮ್ಮು, ಅಲರ್ಜಿ ಇದ್ದರೆ ಗಾಳಿಯ ಪರೀಕ್ಷೆಗೆ ಅರ್ಥ ಇರಬಹುದು. ಅದನ್ನು ಡಾಕ್ಟರ ಹತ್ತಿರ ಮಾತಾಡಿ. ತೊಲೆಗೆ ಮಾತ್ರ ಬೇಕಾದ್ದು ತೇವದ ಲೆಕ್ಕ.

ತೇವ ಎಷ್ಟಿದೆ?

ಇಲ್ಲಿ ಮೂರು ಅಂಕಿ ನೆನಪಿಟ್ಟರೆ ಸಾಕು. ಮರದ ತೇವ 20 ಶೇಕಡಾಕ್ಕಿಂತ ಕಡಿಮೆ ಇದ್ದರೆ ಕೊಳೆ ಬೆಳೆಯುವುದಿಲ್ಲ. 28ರಿಂದ 30ರ ಹತ್ತಿರ ಮರದ ನಾರಿನ ಗೋಡೆಗಳು ನೀರಿನಿಂದ ತುಂಬುತ್ತವೆ. ಅದಕ್ಕಿಂತ ಮೇಲೆ ಹೋದರೆ ಗಾಳಿಯಲ್ಲಿ ಬಂದ ಬೀಜಾಣುವಿಗೆ ಹಬ್ಬ. ನಡುವಿನದ್ದು ಕಾದು ನೋಡುವ ಜಾಗ. ಹೊಸದಾಗಿ ಹಿಡಿಯುವುದು ಕಷ್ಟ, ಆದರೆ ಮೊದಲೇ ಹಿಡಿದದ್ದು ನಿಧಾನವಾಗಿ ಮುಂದುವರಿಯಬಹುದು.

ಈಗ ಇದನ್ನು ಗಮನಿಸಿ. ಗಾಳಿಯ ತೇವಾಂಶ 65 ಶೇಕಡಾ ಇದ್ದಾಗ ಮರ ತಾನಾಗಿ 12ರ ಹತ್ತಿರ ನಿಲ್ಲುತ್ತದೆ. 80 ಇದ್ದಾಗ 16. ಆಷಾಢದ ಜಡಿಮಳೆಯಲ್ಲಿ ಗಾಳಿ 90 ಮುಟ್ಟಿದರೂ ಮರ 20ರ ಆಸುಪಾಸು. ಅಂದರೆ ಬರೀ ಥಂಡಿ ಗಾಳಿಯಿಂದ ಬೂಷ್ಟು ಬರುತ್ತದೆ, ಕೊಳೆ ಬರುವುದಿಲ್ಲ. ಕೊಳೆ ಇದೆ ಎಂದರೆ ಎಲ್ಲೋ ನೀರು ನೀರಾಗಿಯೇ ಮರಕ್ಕೆ ತಾಗುತ್ತಿದೆ. "ನಮ್ಮ ಕಡೆ ಮಳೆ ಜಾಸ್ತಿ, ಅದಕ್ಕೇ ಹೀಗೆ" ಅಂತ ಕೈಚೆಲ್ಲಿದರೆ ಆ ನೀರು ಯಾವತ್ತೂ ಸಿಗುವುದಿಲ್ಲ.

ತೇವ ಅಳೆಯುವ ಮೀಟರ್ ಎರಡು ಮುಳ್ಳಿನದ್ದು ಸಿಗುತ್ತದೆ. ಮುಳ್ಳು ಚುಚ್ಚಿದರೆ ಅಂಕಿ ತೋರಿಸುತ್ತದೆ. ಅದನ್ನು ಪೂರ್ತಿ ನಂಬಬೇಡಿ. ಬೋರಾಕ್ಸ್ (ಬಿಳಿಗಾರ) ಬಳಿದ ಮರದಲ್ಲಿ, ಕಡಲ ತೀರದ ಉಪ್ಪು ಕುಡಿದ ಮರದಲ್ಲಿ ಅದು ಜಾಸ್ತಿ ತೋರಿಸುತ್ತದೆ. ಆದರೆ ಒಂದೇ ತೊಲೆಯ ಹತ್ತು ಕಡೆ ಚುಚ್ಚಿ ಹೋಲಿಸಲು ಅದರಷ್ಟು ಉಪಕಾರಿ ಬೇರೆ ಇಲ್ಲ. ಅಂಕಿ ಎಲ್ಲಿ ಏರುತ್ತಾ ಹೋಗುತ್ತದೋ ನೀರು ಆ ಕಡೆ ಇದೆ.

ಮೀಟರ್ ಇಲ್ಲದಿದ್ದರೆ ಅಡುಗೆಮನೆಯ ತಕ್ಕಡಿ ಸಾಕು. ತೊಲೆಯಿಂದ ಸಣ್ಣ ತುಂಡು ಕೊಯ್ದು ಕೂಡಲೇ ತೂಗಿ. ಆಮೇಲೆ 103 ಡಿಗ್ರಿಯ ಒಲೆಪೆಟ್ಟಿಗೆಯಲ್ಲಿ, ಅಂದರೆ ಕೇಕ್ ಬೇಯಿಸುವ ಓವನ್ನಿನಲ್ಲಿ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ಮತ್ತೆ ತೂಗಿ. ಹೋದ ನೀರನ್ನು ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿ. ನಮ್ಮ ತೊಲೆಯ ತುದಿಯ ತುಂಡು 68 ಗ್ರಾಂ ಇದ್ದದ್ದು 50ಕ್ಕೆ ಇಳಿಯಿತು. 18 ಭಾಗಿಸು 50, ಅಂದರೆ 36 ಶೇಕಡಾ. ಅದೇ ತೊಲೆಯಲ್ಲಿ ಎರಡು ಮಾರು ಆಚೆ ತೆಗೆದ ತುಂಡು 58ರಿಂದ 50. ಬರೀ 16. ಅಲ್ಲಿಗೆ ಜಗಳ ಮುಗಿಯಿತು. ಇಡೀ ಜಗಲಿಗೆ ಥಂಡಿ ಹಿಡಿದಿಲ್ಲ, ಆ ಮೂಲೆಗೆ ಮಾತ್ರ ನೀರು ಬರುತ್ತಿದೆ.

ನೀರು ಎಲ್ಲಿಂದ?

ಕಲೆ ಇರುವ ಜಾಗದ ನೆತ್ತಿಯ ಮೇಲೇ ಸೋರಿಕೆ ಇರಬೇಕು ಎಂದು ಹುಡುಕುವುದು ಮೊದಲ ತಪ್ಪು. ನಾವೂ ಮಾಡಿದೆವು. ಹಂಚು ತೆಗೆದು ನೋಡಿದರೆ ಎಲ್ಲ ಒಳ್ಳೆ ಹಂಚು. ಆಚಾರಿ ಮೇಲೆ ಹತ್ತಿ ನೋಡಿ ನಕ್ಕರು. "ನೀರಿಗೆ ನೆಟ್ಟಗೆ ಬೀಳ್ಬೇಕು ಅಂತ ಏನೂ ಇಲ್ಲ ಮಾರಾಯ್ರೆ. ಪಕಾಸಿ ಹಿಡ್ಕೊಂಡು ನಡ್ಕೊಂಡು ಬರ್ತದೆ."

ಪಕಾಸಿ ಎಂದರೆ ಹಂಚು ಹೊರುವ ಓರೆ ಮರ. ಹಾಗೇ ಆಗಿತ್ತು. ಹಳೆ ಮಾಡಿಗೂ ಹೊಸದಾಗಿ ಕಟ್ಟಿದ ಬಚ್ಚಲುಮನೆಯ ಮಾಡಿಗೂ ನಡುವೆ ತಗಡಿನ ದೋಣಿ. ಅದರಲ್ಲಿ ಹಲಸಿನ ಎಲೆ ಕಟ್ಟಿ ನಿಂತಿತ್ತು. ಎಲೆಯ ಕೆಳಗೆ ತಗಡು ತುಕ್ಕು ಹಿಡಿದು ಸೂಜಿ ತೂತಾಗಿತ್ತು. ನೀರು ಪಕಾಸಿಯ ಮೇಲ್ಮೈ ಹಿಡಿದು ಆರು ಅಡಿ ಇಳಿದು, ಗೋಡೆಯೊಳಗೆ ಹುದುಗಿದ್ದ ತೊಲೆಯ ತುದಿಗೆ ಸೇರುತ್ತಿತ್ತು. ತೊಲೆಯ ತುದಿ ಎಂದರೆ ನಾರಿನ ಬಾಯಿ. ಮರ ಮೈಯಿಂದ ಕುಡಿಯುವುದಕ್ಕಿಂತ ಹಲವು ಪಟ್ಟು ಬೇಗ ತುದಿಯಿಂದ ಕುಡಿಯುತ್ತದೆ. ಸುತ್ತ ಯಾರೋ ಸಿಮೆಂಟ್ ಬೇರೆ ಮೆತ್ತಿದ್ದರು. ಕುಡಿದದ್ದು ಹೊರಗೆ ಹೋಗಲು ದಾರಿಯೇ ಇರಲಿಲ್ಲ.

ಇದನ್ನು ಹುಡುಕಿದ್ದು ಬಿಂದಿಗೆ ಪರೀಕ್ಷೆಯಿಂದ. ಮಳೆ ಬಿಟ್ಟ ದಿನ ಒಬ್ಬರು ಮಾಡಿನ ಮೇಲೆ, ಒಬ್ಬರು ಕೆಳಗೆ ಟಾರ್ಚ್ ಹಿಡಿದು. ಮೇಲಿನವರು ಸೂರಿನ ಅಂಚಿನಿಂದ ಶುರು ಮಾಡಿ ಒಂದೊಂದೇ ಸಾಲು ಮೇಲೇರುತ್ತಾ ನೀರು ಹೊಯ್ಯಬೇಕು. ಒಂದೊಂದು ಜಾಗಕ್ಕೆ ಹತ್ತು ನಿಮಿಷ. ನೆತ್ತಿಯಿಂದ ಶುರು ಮಾಡಿದರೆ ಎಲ್ಲ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ನಮಗೆ ಒಂಬತ್ತನೇ ಬಿಂದಿಗೆಗೆ ಉತ್ತರ ಸಿಕ್ಕಿತು. ಪಾಚಿ ಕಟ್ಟಿದ ಹಂಚಿನ ಮೇಲೆ ಕಾಲಿಡುವಾಗ ಹಗ್ಗ ಕಟ್ಟಿಕೊಳ್ಳಿ, ಇದನ್ನು ತಮಾಷೆ ಮಾಡಬೇಡಿ.

ಮಾಡಿನಿಂದ ಅಲ್ಲದೆ ಬೇರೆ ಕಡೆಯಿಂದಲೂ ನೀರು ಬರುತ್ತದೆ. ನಾನು ನೋಡಿದ ಮನೆಗಳಲ್ಲಿ ಅತಿ ಹೆಚ್ಚು ಸಿಕ್ಕಿದ್ದು ಕಂಬದ ಬುಡ. ಹಳೆಯವರು ಕಂಬವನ್ನು ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದರು, ನೆಲದ ನೀರು ಮರಕ್ಕೆ ತಾಗದ ಹಾಗೆ. ಈಗಿನವರು ಹಳೆ ನೆಲದ ಮೇಲೇ ಎರಡು ಇಂಚು ಗಾರೆ ಹಾಕಿ ಟೈಲ್ಸ್ ಕೂರಿಸುತ್ತಾರೆ. ಕಲ್ಲು ಮುಚ್ಚಿಹೋಗುತ್ತದೆ, ಕಂಬದ ಬುಡ ಗುಂಡಿಯೊಳಗೆ ಸೇರುತ್ತದೆ. ದಿನಾ ನೆಲ ಒರೆಸಿದ ನೀರು ಅಲ್ಲಿಗೆ. ಮೂರ್ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಕಂಬದ ಬುಡಕ್ಕೆ ಬೆರಳು ಇಳಿಯುತ್ತದೆ. ನೂರು ವರ್ಷ ನಿಂತ ಕಂಬ! ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಬದಲಾವಣೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸೌದೆ ಒಲೆ ಹೋಗಿ ಗ್ಯಾಸ್ ಬಂತು. ಮೊದಲು ದಿನಕ್ಕೆ ಐದಾರು ಗಂಟೆ ಬಿಸಿ ಹೊಗೆ ಅಟ್ಟಕ್ಕೆ ಏರುತ್ತಿತ್ತು. ಮಳೆಗಾಲದಲ್ಲೂ ಅಡುಗೆಮನೆಯ ಮಾಡು ಖಣಖಣ ಒಣಗಿರುತ್ತಿತ್ತು. ಸಣ್ಣಪುಟ್ಟ ಸೋರಿಕೆ ಸಂಜೆಯೊಳಗೆ ಆರುತ್ತಿತ್ತು. ಈಗ ಅದೇ ಸೋರಿಕೆ ಆಶ್ವಿನದ ತನಕ ಹಸಿ ಇರುತ್ತದೆ. ಹೊಗೆಯೊಲೆ ವಾಪಸ್ ತನ್ನಿ ಎಂದು ಹೇಳುತ್ತಿಲ್ಲ, ಅಮ್ಮಂದಿರ ಕಣ್ಣು ಎದೆ ಮುಖ್ಯ. ಆದರೆ ಆ ಮಾಡಿಗೆ ಈಗ ಬೇರೆ ಗಾಳಿ ದಾರಿ ಬೇಕು. ಹಂಚಿನ ಕೆಳಗೆ ಪ್ಲಾಸ್ಟಿಕ್ ಹೊದಿಸುವುದು, ಅಲಂಕಾರದ ಚಾವಣಿ ಹೊಡೆದು ಎಲ್ಲ ಮುಚ್ಚುವುದು ಇದಕ್ಕೆ ತದ್ವಿರುದ್ಧ. ಸೋರುವುದು ಕಾಣುವುದೂ ಇಲ್ಲ, ಆರುವುದೂ ಇಲ್ಲ.

ಉಳಿದವು ಬೇಗ ಹೇಳುತ್ತೇನೆ. ಪಡುವಣ ಗೋಡೆಯ ಕಿಟಕಿ ಚೌಕಟ್ಟಿನ ಕೆಳಗಿನ ಕೂಡು ನೋಡಿ, ಎರಚಲು ಅಲ್ಲೇ ನಿಲ್ಲುತ್ತದೆ. ಮೊದಲಿನ ಹಾಗೆ ಸೋಗೆ ತಟ್ಟಿ ಕಟ್ಟುವ ಅಭ್ಯಾಸ ಹೋದ ಮೇಲೆ ಇದು ಜಾಸ್ತಿ. ಬಚ್ಚಲಿನ ಬಾಗಿಲ ಬುಡ. ದಪ್ಪ ಎಣ್ಣೆ ಬಣ್ಣ ಬಳಿದ ಚೌಕಟ್ಟಿನಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ ಒಳಗೆ ನೀರು ಸಿಕ್ಕಿಹಾಕಿಕೊಂಡಿದೆ. ಬೆಂಗಳೂರಿನ ಫ್ಲ್ಯಾಟಿನವರು ಸಿಂಕಿನ ಕೆಳಗಿನ ಕಪಾಟು ತೆರೆದು ಮೂಸಿ ನೋಡಿ. ಅಲ್ಲಿ ಹಾಕಿದ ಪ್ಲೈವುಡ್ ಭಾರತೀಯ ಮಾನಕ ಐಎಸ್ 303ರ ಸಾಮಾನ್ಯ ದರ್ಜೆಯದ್ದಾದರೆ ನೀರು ತಾಳುವುದಿಲ್ಲ, ಐಎಸ್ 710ರದ್ದು ತಾಳುತ್ತದೆ. ತಾಳುತ್ತದೆ ಎಂದರೂ ಪೈಪ್ ಸೋರಿಕೆ ಬಿಟ್ಟು ಕುಳಿತುಕೊಳ್ಳಬೇಡಿ.

ಇಂಗ್ಲೆಂಡಿನಲ್ಲಿರುವ ನನ್ನ ತಂಗಿ ಕಳಿಸಿದ ಫೋಟೋ ಒಂದು ಬೇರೆಯೇ ಕಥೆ. ಹಳೆ ಇಟ್ಟಿಗೆ ಮನೆಯ ನೆಲಹಲಗೆಯ ಕೆಳಗೆ ಹತ್ತಿಯಂಥ ಬಿಳಿ ಹಾಸು, ಇಟ್ಟಿಗೆ ಬಣ್ಣದ ಪುಡಿ. ಅದು ಸರ್ಪುಲಾ ಲ್ಯಾಕ್ರಿಮನ್ಸ್. ಅಲ್ಲಿಯವರು ಅದಕ್ಕೆ ಒಣ ಕೊಳೆ ಎಂದು ತಪ್ಪು ಹೆಸರಿಟ್ಟಿದ್ದಾರೆ. ಅದಕ್ಕೂ ನೀರು ಬೇಕು. ಆದರೆ ಹುರಿಯಂಥ ಎಳೆಗಳನ್ನು ಗೋಡೆಯ ಒಳಗಿಂದ ಚಾಚಿ ದೂರದ ಮರಕ್ಕೆ ನೀರು ಹೊತ್ತೊಯ್ಯುತ್ತದೆ. ಹಿಮಾಲಯದ ಕಾಡುಗಳಲ್ಲಿ ತಾನಾಗಿ ಬೆಳೆಯುವ ಜಾತಿ ಇದು, 20 ಡಿಗ್ರಿಯ ತಂಪು ಇಷ್ಟ. ನಮ್ಮ ಸೆಕೆ ಅದಕ್ಕೆ ಆಗಿಬರುವುದಿಲ್ಲ. ಅಲ್ಲಿರುವವರು ತಜ್ಞರನ್ನು ಕರೆಸುವುದೇ ಸರಿ.

ನಿಮ್ಮ ಊರಿನ ಲೆಕ್ಕ

ಹೊರಗೆ ಮಳೆ ಬಿಸಿಲಿಗೆ ಬಿದ್ದಿರುವ ಮರಕ್ಕೆ, ಅಂದರೆ ಗೇಟು, ಹೊರಕಂಬ, ಚಪ್ಪರಕ್ಕೆ, ಯಾವ ಊರಲ್ಲಿ ಎಷ್ಟು ಅಪಾಯ ಎಂದು ಅಳೆಯುವ ಸೂತ್ರ ಇದೆ. ಅಮೆರಿಕದ ಶೆಫರ್ ಎಂಬ ಮರ ವಿಜ್ಞಾನಿ 1971ರಲ್ಲಿ ಕೊಟ್ಟದ್ದು. ತಿಂಗಳ ಸರಾಸರಿ ಉಷ್ಣತೆಯಿಂದ 2 ಕಳೆಯಿರಿ. ಆ ತಿಂಗಳು ಮಳೆ ಬಿದ್ದ ದಿನಗಳಿಂದ 3 ಕಳೆಯಿರಿ. ಎರಡನ್ನೂ ಗುಣಿಸಿ. ಹನ್ನೆರಡು ತಿಂಗಳದ್ದೂ ಕೂಡಿಸಿ 16.7ರಿಂದ ಭಾಗಿಸಿ. ಬಂದದ್ದು 35ಕ್ಕಿಂತ ಕಡಿಮೆಯಾದರೆ ಅಪಾಯ ಕಡಿಮೆ, 65 ದಾಟಿದರೆ ಜಾಸ್ತಿ.

ಮಲೆನಾಡಿನ ಜುಲೈ ಒಂದನ್ನೇ ಹಾಕಿ ನೋಡಿ. ಉಷ್ಣತೆ 23, ಮಳೆ 29 ದಿನ ಎಂದಿಟ್ಟುಕೊಳ್ಳಿ. 21 ಗುಣಿಸು 26, ಭಾಗಿಸು 16.7. ಸುಮಾರು 32.7. ಇಡೀ ವರ್ಷಕ್ಕೆ 35 ಎಂದು ಇಟ್ಟ ಗೆರೆಯನ್ನು ನಮ್ಮ ಒಂದು ತಿಂಗಳೇ ಹೆಚ್ಚುಕಮ್ಮಿ ಮುಟ್ಟಿತು! ಅದೇ ಉಷ್ಣತೆಯ ಬಯಲುಸೀಮೆ ಊರಲ್ಲಿ ಆ ತಿಂಗಳು 12 ದಿನ ಮಾತ್ರ ಮಳೆಯಾದರೆ 11.3. ಬಿದ್ದ ಮಳೆ ಎಷ್ಟು ಎನ್ನುವುದು ಸೂತ್ರದಲ್ಲಿ ಇಲ್ಲವೇ ಇಲ್ಲ, ಎಷ್ಟು ದಿನ ಬಿತ್ತು ಎನ್ನುವುದು ಮಾತ್ರ ಇದೆ. ನನಗೆ ಇದೇ ಇಷ್ಟ. ಒಂದೇ ದಿನ ಹೊಯ್ದು ಹೋಗುವ ಮಳೆಗಿಂತ ಜಿಟಿಜಿಟಿ ಮಳೆ ಮರಕ್ಕೆ ಕೆಟ್ಟದ್ದು ಎಂದು ಅಜ್ಜಿಗೂ ಗೊತ್ತಿತ್ತು.

ಒಂದು ಎಚ್ಚರಿಕೆ. ಶೆಫರ್ 0.25 ಮಿಲಿಮೀಟರ್ ಬಿದ್ದ ದಿನವನ್ನೂ ಎಣಿಸುತ್ತಾನೆ. ನಮ್ಮ ಹವಾಮಾನ ಇಲಾಖೆ ಮಳೆ ದಿನ ಎನ್ನುವುದು 2.5 ಮಿಲಿಮೀಟರ್‌ಗೆ. ಎರಡನ್ನೂ ಕಲಸಬೇಡಿ. ಮಾಡಿನ ಕೆಳಗಿನ ತೊಲೆಗೂ ಈ ಲೆಕ್ಕ ಹಚ್ಚಬೇಡಿ. ಹಂಚು ಸರಿ ಇದ್ದರೆ ಆಗುಂಬೆಯಲ್ಲೂ ತೊಲೆ ಒಣಗಿಯೇ ಇರುತ್ತದೆ.

ಕೊಯ್ಯುವುದಾ, ಬಿಡುವುದಾ?

ಮೊದಲು ನೀರು ನಿಲ್ಲಿಸಿ. ಆಮೇಲೆ ಒಣಗಲು ಬಿಡಿ. ದಪ್ಪ ತೊಲೆ ಒಣಗಲು ವಾರಗಳಲ್ಲ, ತಿಂಗಳುಗಳೇ ಬೇಕು. ಒಣಗಿದ ಕೂಡಲೇ ಕೊಳೆ ನಿಲ್ಲುತ್ತದೆ, ಆದರೆ ಸಾಯುವುದಿಲ್ಲ. ಒಳಗಿನ ಎಳೆಗಳು ಮಲಗಿರುತ್ತವೆ. ಮತ್ತೆ ನೀರು ಬಿದ್ದರೆ ಎದ್ದು ಬಿಟ್ಟ ಕಡೆಯಿಂದ ಊಟ ಶುರು.

ಉಳಿಗೆ ಗಿಡ್ಡ ಚಕ್ಕೆ ಬರುವ ತನಕ ಹಾಳು, ಉದ್ದ ಚಕ್ಕೆ ಶುರುವಾದಲ್ಲಿ ಒಳ್ಳೆಯದು. ಅಲ್ಲಿಂದ ಇನ್ನೂ ಒಂದು ಅಡಿ ಒಳಗೆ ಹೋಗಿ ಕೊಯ್ದು, ಕೂಡು ಹಾಕಿ ಹೊಸ ತುಂಡು ಸೇರಿಸುವುದು ವಾಡಿಕೆ. ಕೊಯ್ಯುವ ಮೊದಲು ತೊಲೆಗೆ ಕೆಳಗಿಂದ ಟೇಕು ಕೊಡಲೇಬೇಕು. ಭಾರ ಹೊರುವ ತೊಲೆ ಅರ್ಧದಷ್ಟು ಹೋಗಿದ್ದರೆ ಇಂಜಿನಿಯರ್ ಅಥವಾ ಅನುಭವದ ಆಚಾರಿ ಬಾರದೆ ಮುಟ್ಟಬೇಡಿ. ಕೊಳೆತ ಮರದ ಮೇಲೆ ಪುಟ್ಟಿ ತುಂಬಿ ಬಣ್ಣ ಬಳಿಯುವವರಿದ್ದಾರೆ. ಅದು ಬರೀ ಮೇಕಪ್ಪು.

ಹೊಸ ತುಂಡು ಚೇಗಿನದ್ದೇ, ಅಂದರೆ ಮರದ ಒಳತಿರುಳಿನದ್ದೇ ಆಗಬೇಕು. ತೇಗವಾಗಲಿ ಹಲಸಾಗಲಿ, ಹೊರಗಿನ ಬಿಳಿ ಮರಕ್ಕೆ ಕೊಳೆ ತಡೆಯುವ ಶಕ್ತಿ ಇಲ್ಲ. "ತೇಗ ಹಾಕಿಸಿದ್ದೆ, ಆದರೂ ಹೋಯಿತು" ಎನ್ನುವವರ ಮರ ನೋಡಿದರೆ ಅರ್ಧ ಬಿಳಿ ಇರುತ್ತದೆ. ನಮ್ಮ ದೇಶದಲ್ಲಿ ಮರದ ಬಾಳಿಕೆ ಅಳೆಯುವ ರೀತಿ ಸೊಗಸಾಗಿದೆ. ಚೇಗಿನ ಗೂಟಗಳನ್ನು ಅರ್ಧ ಮಣ್ಣಲ್ಲಿ ಹೂತು ಎಷ್ಟು ತಿಂಗಳು ತಾಳುತ್ತದೆ ಎಂದು ನೋಡುತ್ತಾರೆ. 120 ತಿಂಗಳು ದಾಟಿದರೆ ಮೊದಲ ದರ್ಜೆ, 60 ತಿಂಗಳೂ ಆಗದಿದ್ದರೆ ಮೂರನೆಯದು. ತೇಗ ಮೊದಲನೆಯದರಲ್ಲಿ, ಮಾವು ಬೂರುಗ ಮೂರನೆಯದರಲ್ಲಿ. ಮರದ ಜಾತಿಯೇ ಅನುಮಾನವಾದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಕೇಳಬಹುದು.

ಮದ್ದಿನಲ್ಲಿ ಮನೆಯೊಳಗಿನ ಮರಕ್ಕೆ ನನ್ನ ಆಯ್ಕೆ ಬೋರಾನ್. ಲೀಟರ್ ಬಿಸಿನೀರಿಗೆ 20 ಗ್ರಾಂ ಬೋರಿಕ್ ಆಮ್ಲ, 30 ಗ್ರಾಂ ಬೋರಾಕ್ಸ್, ನಮ್ಮ ಹಳೆ ಮಾತಿನ ಬಿಳಿಗಾರ. ಎರಡು ಮೂರು ಸಲ ಹಚ್ಚಿ, ತುದಿಗೆ ಜಾಸ್ತಿ ಕುಡಿಸಿ. ಮರ ಸ್ವಲ್ಪ ಹಸಿ ಇದ್ದರೆ ಇನ್ನೂ ಒಳ್ಳೆಯದು, ಉಪ್ಪು ಒಳಗೆ ಇಳಿಯುತ್ತದೆ. ಮಳೆಗೆ ಬೀಳುವ ಮರಕ್ಕೆ ಇದು ಬೇಡ, ತೊಳೆದುಹೋಗುತ್ತದೆ. ಮಕ್ಕಳು, ದನಕರು ಮುಟ್ಟದ ಹಾಗೆ ನೋಡಿಕೊಳ್ಳಿ. ಹೊರಗಿನ ಮರಕ್ಕೆ ಕರಾವಳಿಯವರು ಗೇರೆಣ್ಣೆ ಹಚ್ಚುತ್ತಾರೆ. ಒಳ್ಳೆಯದೇ, ಆದರೆ ಕೈಗೆ ತಾಗಿದರೆ ಸುಡುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆದು ಉಳಿದ ಬೋರ್ಡೋ, ಅಂದರೆ ತಾಮ್ರದ ಮೈಲುತುತ್ತಕ್ಕೆ ಸುಣ್ಣ ಸೇರಿಸಿದ ದ್ರಾವಣ, ಹೊಡೆಯಲಾ ಎಂದು ಚಿಕ್ಕಪ್ಪ ಕೇಳಿದರು. ಅದು ಅಡಿಕೆ ಗೊನೆಯ ಮೈ ಮೇಲೆ ಕೂರಲು ಮಾಡಿದ್ದು, ಮರದೊಳಗೆ ಇಳಿಯುವುದಿಲ್ಲ. ಕೆಲವು ಕಂದು ಕೊಳೆಗಳಿಗೆ ತಾಮ್ರ ಎಂದರೆ ಲೆಕ್ಕಕ್ಕೇ ಇಲ್ಲ.

ಬೂಷ್ಟನ್ನು ಒಣ ಪೊರಕೆಯಲ್ಲಿ ಉಜ್ಜಬೇಡಿ. ಗೋಡೆಯ ಮೇಲಿದ್ದದ್ದು ನಿಮ್ಮ ಎದೆಗೆ ಹೋಗುತ್ತದೆ. ಒದ್ದೆ ಬಟ್ಟೆ, ಸೋಪು ನೀರು, ಮೂಗಿಗೆ ಎನ್95 ಮಾಸ್ಕ್.

ಗೋಡೆಯೊಳಗೆ ತೊಲೆ ಕೂರಿಸುವಾಗ ತುದಿಯ ಸುತ್ತ ಬೆರಳು ಹೋಗುವಷ್ಟು ಜಾಗ ಬಿಡಿ. ನಾವು ಹಾಗೇ ಮಾಡಿದೆವು. ತುದಿಯ ಕೆಳಗೆ ತಗಡಿನ ಚೂರು ಇಟ್ಟೆವು. ದೋಣಿ ಹೊಸದು ಹಾಕಿದೆವು. ಪ್ರತಿ ವರ್ಷ ಮೇ ತಿಂಗಳಲ್ಲಿ ಹಂಚು ಕೈಯಾಡಿಸುವ ದಿನ ದೋಣಿಯ ಎಲೆ ತೆಗೆಯುವುದನ್ನೂ ಸೇರಿಸಿದೆವು.

ಕೆಲಸ ಮುಗಿದ ಮೇಲೆ ತಿಂಗಳಿಗೊಮ್ಮೆ ಅದೇ ಜಾಗಕ್ಕೆ ಮೀಟರ್ ಚುಚ್ಚಿ, ಅಂಕಿಯನ್ನೂ ತಾರೀಕನ್ನೂ ಸೀಮೆಸುಣ್ಣದಲ್ಲಿ ತೊಲೆಯ ಮೇಲೇ ಬರೆಯಲು ಚಿಕ್ಕಪ್ಪನಿಗೆ ಹೇಳಿದ್ದೆ. ಕಾರ್ತಿಕದಲ್ಲಿ 24, ಸಂಕ್ರಾಂತಿಗೆ 17, ಈ ಸಲದ ಆಶ್ಲೇಷ ಮಳೆಯಲ್ಲಿ 18. ಬಂದ ನೆಂಟರೆಲ್ಲ "ಇದೇನು, ಸಾಲದ ಲೆಕ್ಕವಾ?" ಎಂದು ಕೇಳುತ್ತಿದ್ದರಂತೆ. ಚೌತಿಗೆ ಮನೆ ತೊಳೆಯುವಾಗ ಚಿಕ್ಕಮ್ಮ ಎಲ್ಲ ಒರೆಸಿಬಿಟ್ಟರು. ಈಗ ಚಿಕ್ಕಪ್ಪ ಕ್ಯಾಲೆಂಡರಿನ ಹಿಂದೆ ಬರೆಯುತ್ತಾರೆ.